ಹಿಂಬಾಗಿಲ ರಬ್ಬರು

ನಮ್ಮ ವ್ಯಾನನ್ನು ಮುಂದಿನಿಂದ ನೋಡಿದರೆ ಅದಕ್ಕೆ ವಯಸ್ಸಾದದ್ದು ಗೊತ್ತಾಗುವುದಿಲ್ಲ. ಮೂತಿ ಮೊಂಡು, ದೀಪ ಎರಡೂ ದುಂಡಗೆ, ಬಣ್ಣ ಹಾಲಿಗೆ ಚಿಟಿಕೆ ಅರಿಶಿನ ಬಿದ್ದ ಹಾಗೆ. ಹಿಂದಕ್ಕೆ ಹೋದರೆ ಮಾತ್ರ ಗುಟ್ಟು ಬಯಲು. ಅಲ್ಲಿ ಜೋಡಿ ಬಾಗಿಲು. ಎಡಗಡೆಯದು ಸ್ವಲ್ಪ ಕೆಳಕ್ಕೆ ಜಗ್ಗಿದೆ, ಬಲಗಡೆಯದನ್ನು ಎತ್ತಿ ದೂಡಿದರೇ ಕೂರುವುದು. ನಾನು ಮದುವೆಯಾಗಿ ಬರುವಷ್ಟರಲ್ಲೇ ಅದು ಅಂಗಳದಲ್ಲಿ ನಿಂತಿತ್ತು, ಆದ್ದರಿಂದ ಈ ಮನೆಯಲ್ಲಿ ಅದು ನನಗಿಂತ ಹಿರಿಯದು. ಅದರ ಓರಗೆಯವೆಲ್ಲ ಗುಜರಿ ಸೇರಿ ಎಷ್ಟು ಕಾಲವಾಯಿತೋ. ಕೋಲಾರದ ಪೇಟೆಯಲ್ಲಿ ನಾನು ಓಡಿಸಿಕೊಂಡು ಹೋಗುವಾಗ ಕೆಲವರು ಮೊಬೈಲು ಎತ್ತಿ ಫೋಟೋ ತೆಗೆಯುತ್ತಾರೆ. ಗಾಡಿಯದ್ದೋ, ಗಾಡಿ ಓಡಿಸುವ ಹೆಂಗಸಿನದ್ದೋ, ನಾನು ಕೇಳಲು ಹೋಗಿಲ್ಲ.

ನಮ್ಮದು ಹುತ್ತೂರು ಹೋಬಳಿಯ ಒಂದು ಹಳ್ಳಿ. ಕಸುಬು ಚಾಕಿ ಸಾಕುವುದು. ಅಂದರೆ ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಹಿಪ್ಪುನೇರಳೆಯ ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಹುಳು ಎರಡನೇ ಜ್ವರಕ್ಕೆ ಕೂರುವ ತನಕ ಜೋಪಾನ ಮಾಡಿ, ಆಮೇಲೆ ರೈತರ ಮನೆಗಳಿಗೆ ತಲುಪಿಸುವುದು. ಪೊರೆ ಬಿಡುವ ಮುಂಚೆ ಹುಳು ತಿನ್ನುವುದು ನಿಲ್ಲಿಸಿ ತಲೆಯೆತ್ತಿಕೊಂಡು ಅಲುಗಾಡದೆ ಕೂರುತ್ತದೆ. ಅದನ್ನೇ ನಾವು ಜ್ವರ ಅನ್ನುವುದು. ಜ್ವರ ಬಂದ ಕೂಸನ್ನು ಬಸ್ಸಿನಲ್ಲಿ ಕರೆದೊಯ್ಯುವಾಗ ಎಷ್ಟು ಜಾಗ್ರತೆ ಬೇಕೋ ಇವಕ್ಕೂ ಅಷ್ಟೇ ಬೇಕು. ತೇವ ತಾಕಬಾರದು, ಧೂಳು ಕೂಡದು, ಹೊಗೆಯಂತೂ ಕೂಡಲೇ ಕೂಡದು.

ಇದಕ್ಕೆಲ್ಲ ಕಾವಲು ಹಿಂಬಾಗಿಲ ಸುತ್ತ ಕೂರುವ ರಬ್ಬರು. ಗ್ಯಾರೇಜಿನವರು ಅದಕ್ಕೆ ಬೀಡಿಂಗ್ ಅನ್ನುತ್ತಾರೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿ ಸುರುಳಿ ಸುತ್ತುತ್ತಿರುತ್ತದೆ. ಬಾಗಿಲಲ್ಲಿ ಬೆರಳುಗುರಿನಷ್ಟು ಸಂದಿದ್ದರೂ ಸಾಕು, ರಸ್ತೆಯ ಧೂಳು, ಸೈಲೆನ್ಸರಿನ ಹೊಗೆ ಎರಡನ್ನೂ ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಮಳೆ ಬಂದರೆ ನೀರನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ನು ಕೆಟ್ಟರೆ ಗಾಡಿ ನಿಂತಾದರೂ ಹೇಳುತ್ತದೆ. ಬೀಡಿಂಗು ಕೆಟ್ಟರೆ ಗಾಡಿ ಸುಮ್ಮನೆ ಓಡುತ್ತಲೇ ಇರುತ್ತದೆ, ಒಳಗಿನ ಹುಳಕ್ಕೆ ಕೂಗಲು ಬಾಯಿಲ್ಲ.

ವ್ಯಾನು ನಮ್ಮ ಮಾವನವರದು. ತಂದವರು ಅವರು, ವರ್ಷಾನುಗಟ್ಟಲೆ ಓಡಿಸಿದವರು ಅವರು, ನನಗೆ ಕಲಿಸಿದವರೂ ಅವರೇ. ಆಗ ನಮ್ಮೂರ ಕೆರೆ ಬತ್ತಿತ್ತು. ಕೆರೆಯಂಗಳದ ಜಾಲಿಗಿಡಗಳ ನಡುವೆ ಒಂದು ತಿಂಗಳು ನನ್ನಿಂದ ಸುತ್ತು ಹೊಡೆಸಿದರು. ನಮ್ಮ ಮನೆಯವರು ಮಾಲೂರಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದಲ್ಲಿದ್ದಾರೆ. ಹೆಂಗಸು ವ್ಯಾನು ಓಡಿಸಿದರೆ ಊರವರು ಏನಂದುಕೊಂಡಾರು ಎಂದು ಅವರು ಗೊಣಗಿದಾಗ ಮಾವ ಬೀಡಿ ಕೆಳಗಿಟ್ಟು, "ಹುಳ ಸಾಕೋಳಿಗೆ ಹುಳ ಸಾಗ್ಸೋಕಾಗಲ್ವೇನೋ? ನಿನ್ ಕೈಲಾದ್ರೆ ನೀನೇ ಓಡ್ಸು" ಅಂದರು. ನಮ್ಮ ಮನೆಯವರಿಗೆ ಇವತ್ತಿಗೂ ಗೇರು ಬದಲಿಸಲು ಬರುವುದಿಲ್ಲ. ನಾನು ಕಲಿತ ಜಾಗ ಮಾತ್ರ ಈಗಿಲ್ಲ. ಬೆಂಗಳೂರಿನ ಕಡೆಯಿಂದ ಬರುವ ನೀರು ತುಂಬಿ ಕೆರೆ ಕೋಡಿಯವರೆಗೆ ನಿಂತಿದೆ.

ಮೂರು ವರ್ಷದ ಹಿಂದೆ ಮಾವನಿಗೆ ಲಕ್ವ ಹೊಡೆಯಿತು. ಮಾತು ವಾಪಸು ಬಂತು, ಕಾಲು ಅಷ್ಟಿಷ್ಟು ಬಂತು, ಬಲಗೈ ಬರಲೇ ಇಲ್ಲ. ಆಡುತ್ತಿದ್ದ ಕೈ ಸುಮ್ಮನೆ ಪಕ್ಕದಲ್ಲಿ ಜೋತುಬಿದ್ದರೆ ಮನುಷ್ಯ ಎಷ್ಟು ಬೇಗ ಸಣ್ಣವನಾಗುತ್ತಾನೆ ಎಂದು ನಾನು ಕಣ್ಣಾರೆ ಕಂಡೆ. ಗೋಡೆ ಕಡೆ ಮುಖ ಮಾಡಿ ಮಲಗಿದವರು ಸಂಕ್ರಾಂತಿ ಹೋಗಿ ಯುಗಾದಿ ಬಂದರೂ ಈ ಕಡೆ ತಿರುಗಲಿಲ್ಲ. ಉಂಡಿರಾ ಎಂದರೆ ಹೂಂ. ಇನ್ನೊಂದು ಮುದ್ದೆ ಇಡಲಾ ಎಂದರೆ ಊಹೂಂ. ಅಷ್ಟೇ ಮಾತು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದೆ. ಪ್ರತಿ ಬ್ಯಾಚಿಗೆ ಮುಂಚೆ ಹುಳು ಮುಟ್ಟುವ ಎಲ್ಲವನ್ನೂ ನಾವು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯುತ್ತೇವೆ. ತಟ್ಟೆ, ಸ್ಟ್ಯಾಂಡು, ನೆಲ, ಗೋಡೆ, ಸೊಪ್ಪು ಹೆಚ್ಚುವ ಮಣೆ, ಕೊನೆಗೆ ವ್ಯಾನು. ಬೇರೆಯವರಿಗೆ ದೇವರ ಮನೆ ಹೇಗೋ ನಮಗೆ ಹುಳದ ಮನೆ ಹಾಗೆ. ನೆಂಟರು ಬಂದರೂ ಕಾಲು ಅದ್ದಿಯೇ ಒಳಗೆ ಬರಬೇಕು. ನಾನು ಒಳಗೆ ಬಗ್ಗಿ ತಳ ಉಜ್ಜುತ್ತಿದ್ದಾಗ ಹಿಂದಿನಿಂದ ದನಿ ಬಂತು. "ಸಂದಿಗೆ ಹೋಗಿಲ್ಲ ಕಣಮ್ಮ ನೀರು." ತಿರುಗಿ ನೋಡಿದರೆ ಮಾವ. ಬಾಗಿಲು ಹಿಡಿದುಕೊಂಡು ನಿಂತಿದ್ದಾರೆ. ಎಡಗೈ ಚಾಚಿ ನನ್ನ ಕೈಯಿಂದ ಬಟ್ಟೆ ಇಸಿದುಕೊಂಡರು. ಅವತ್ತಿನಿಂದ ವ್ಯಾನು ತೊಳೆಯುವುದು ಅವರ ಕೆಲಸವಾಯಿತು. ಮೊಟ್ಟೆ ಯಾವತ್ತು ಬರ್ತದೆ, ಹುಳ ಯಾವತ್ತು ಜ್ವರಕ್ಕೆ ಕೂರ್ತದೆ ಎಂದು ಬೆರಳಲ್ಲಿ ಲೆಕ್ಕ ಹಾಕುತ್ತಾ ಮತ್ತೆ ಮನುಷ್ಯರ ಜೊತೆ ಸೇರಿದರು. ಆ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಇನ್ನೊಂದು ವಿಷಯವೂ ಅಲ್ಲೇ ಶುರುವಾಯಿತು. ಕೋಲಾರದ ಆಸ್ಪತ್ರೆಯಲ್ಲಿ ಕೈಗೆ ಕಸರತ್ತು ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ. ತಣ್ಣೀರಲ್ಲಿ ಇಡಿ, ಬಿಸಿನೀರಲ್ಲಿ ಇಡಿ, ಮರಳಲ್ಲಿ ಇಡಿ, ಏನಾದರೂ ಗೊತ್ತಾದರೆ ಬಂದು ಹೇಳಿ ಅಂದಿದ್ದರು. ಮರಳೂ ಆಯಿತು, ನೀರೂ ಆಯಿತು, ಏನೂ ಗೊತ್ತಾಗಲಿಲ್ಲ. ವ್ಯಾನು ತೊಳೆಯುತ್ತಿದ್ದ ಮಾವ ಒಂದು ದಿನ ಎಡಗೈಯಿಂದ ಬಲಗೈಯನ್ನು ಎತ್ತಿ, ಬೇರೆ ಯಾರದೋ ವಸ್ತುವನ್ನು ಇಡುವಂತೆ, ಬ್ಲೀಚಿಂಗ್ ನೀರಿನ ಬಕೆಟ್ಟಿನೊಳಗೆ ಇಟ್ಟರು. ಸ್ವಲ್ಪ ಹೊತ್ತಿಗೆ ನನ್ನನ್ನು ಕೂಗಿದರು.

"ಉರೀತದೆ ಕಣಮ್ಮ."

"ಎಲ್ಲಿ ಮಾವ?"

"ಬೆರಳ ತುದೀಲಿ. ಚುರುಚುರು ಅಂತೈತೆ."

ಮೇಡಂಗೆ ಹೇಳಿದೆವು. ಅವರು ಖುಷಿಪಟ್ಟು ಪುಸ್ತಕದಲ್ಲಿ ಬರೆದುಕೊಂಡರು. ಕೈ ಚರ್ಮ ಬಿಳಿಚಿ ಸಿಪ್ಪೆ ಏಳತೊಡಗಿತು, ಹೆಚ್ಚು ಹೊತ್ತು ಇಡಬೇಡಿ ಎಂದು ನಾನು ಬೈದೆ. "ಉರಿ ಐತೆ ಅಂದ್ರೆ ಜೀವ ಐತೆ ಅಂತ ತಾನೆ" ಎಂದು ನಕ್ಕರು. ಸಂಜೆ ಕಾಫಿ ಕುಡಿದಾದ ಮೇಲೆ ಆ ಕೈ ನನ್ನ ಮುಂದೆ ಚಾಚುತ್ತಿದ್ದರು. ಉರಿ ಇಳಿಯಲಿ ಎಂದು ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ.

ಬಾಗಿಲು ಸೋರುತ್ತಿದೆ ಎಂದು ಗೊತ್ತಾದದ್ದು ಯಲ್ದೂರಿನಲ್ಲಿ. ಮಾವಿನ ಕಾಲ. ಶ್ರೀನಿವಾಸಪುರದ ರಸ್ತೆ ತುಂಬ ಕಾಯಿ ತುಂಬಿದ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ತೆವಳುತ್ತಾ ಹೋಗುತ್ತಿರುವಾಗ ಮಳೆ ಹಿಡಿದುಕೊಂಡಿತು. ಯಲ್ದೂರಿನ ಹತ್ತಿರ ಒಬ್ಬ ಹೆಣ್ಣುಮಗಳು ನಮ್ಮಲ್ಲಿ ಮೊದಲಿಂದ ಚಾಕಿ ತೆಗೆದುಕೊಳ್ಳುವವಳು. ಮಾವಿನ ತೋಟದ ಮಗ್ಗುಲಲ್ಲೇ ಒಂದಿಷ್ಟು ಹಿಪ್ಪುನೇರಳೆ ಇಟ್ಟುಕೊಂಡು, ಗಂಡಸರ ಹಂಗಿಲ್ಲದೆ ಒಬ್ಬಳೇ ಬೆಳೆ ತೆಗೆಯುತ್ತಾಳೆ. ಅವಳ ಮನೆ ಮುಂದೆ ಹಿಂಬಾಗಿಲು ತೆಗೆದೆ. ಕೊನೆಯ ಸಾಲಿನ ತಟ್ಟೆಗಳ ಮೇಲೆ ಹೊದಿಸಿದ್ದ ಕಾಗದ ನೆನೆದು ಹುಳದ ಮೈಗೆ ಅಂಟಿತ್ತು. ಮಿಕ್ಕ ತಟ್ಟೆಗಳ ಮೇಲೆ ಕೆಂಪು ಧೂಳಿನ ಪದರ. ಒಳಗೆಲ್ಲ ಹೊಗೆ ವಾಸನೆ.

ಅವಳು ಕಾಗದವನ್ನು ಉಗುರ ತುದಿಯಲ್ಲಿ ಬಿಡಿಸಿ ನೋಡಿದಳು. ಆ ಕಡೆಯವರ ಮಾತಿನಲ್ಲಿ ಅರ್ಧ ತೆಲುಗು. "ಪರವಾಲೇದು ಬಿಡಕ್ಕ. ಮಳೆಗೆ ನೀನೇನ್ ಮಾಡ್ತೀಯ" ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಹುಳು ನಾಲ್ಕನೇ ಜ್ವರ ಎದ್ದು ಗೂಡು ಕಟ್ಟುವ ಹೊತ್ತಿಗೆ ಸಪ್ಪೆ ರೋಗ ಬಂತು. ಎದ್ದು ನಿಲ್ಲಬೇಕಾದ ಹುಳು ಮೆತ್ತಗಾಗಿ ಮಲಗಿಬಿಟ್ಟವು. ಕೈಗೆ ಬಂದ ತುತ್ತು ಅವಳ ಬಾಯಿಗೆ ಬರಲಿಲ್ಲ. ಅವಳು ಫೋನಿನಲ್ಲೂ ಅದನ್ನೇ ಅಂದಳು, ಪರವಾಲೇದಕ್ಕ. ಬದಲಿಗೆ ಇನ್ನೊಂದು ಬ್ಯಾಚು ಕೊಡುತ್ತೇನೆ ಎಂದೆ. ಮೊದಲು ಬಾಗಿಲು ರಿಪೇರಿ ಮಾಡಿಸು ಅಂದಳು.

ಆ ಭಾನುವಾರ ನಮ್ಮ ಮನೆಯವರು ಮುದ್ದೆ ಮುರಿಯುತ್ತಾ ಮೆಲ್ಲಗೆ ಹೇಳಿದರು. "ಮಾರಿಬಿಡೋಣ ಕಣೇ. ಬಾಡಿಗೆಗೆ ಹೊಸ ಟೆಂಪೋ ಸಿಗ್ತವೆ. ಡ್ರೈವರ್ ಸಮೇತ ಬರ್ತಾರೆ."

"ಮಾವ ಏನ್ ಮಾಡ್ತಾರೆ?"

ಅವರು ಇನ್ನೊಂದು ತುತ್ತು ಮುರಿದರು. ಬಾಡಿಗೆ ಟೆಂಪೋ ತೊಳೆಯಲು ಯಾವ ಡ್ರೈವರು ಲಕ್ವ ಹೊಡೆದ ಮುದುಕರಿಗೆ ಬಿಟ್ಟಾನು? ವ್ಯಾನು ಹೋದರೆ ಬಕೆಟ್ಟು ಹೋಗುತ್ತದೆ, ಬಕೆಟ್ಟು ಹೋದರೆ ಮಾವ ಮತ್ತೆ ಗೋಡೆ ಕಡೆ ತಿರುಗುತ್ತಾರೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಬೀಡಿಂಗು ಸರಿಮಾಡಿಸಿಯೇ ತೀರುತ್ತೇನೆ ಎಂದು ನಾನು ಹಟ ತೊಟ್ಟೆ.

ಮೊದಲು ಎಲ್ಲಿಂದ ಸೋರುತ್ತದೆ ಎಂದು ಕಂಡುಹಿಡಿಯಬೇಕಲ್ಲ. ಅಂಗಡಿಯಿಂದ ಒಂದು ಡಬ್ಬಿ ಸೀಮೆಸುಣ್ಣ ತಂದು ಬಾಗಿಲ ಚೌಕಟ್ಟಿಗೆಲ್ಲ ಬಳಿದು, ಬಾಗಿಲು ಹಾಕಿ ತೆಗೆದೆ. ರಬ್ಬರಿನ ಮೇಲೆ ಎಲ್ಲೆಲ್ಲಿ ಬಿಳಿ ಅಂಟಿಲ್ಲವೋ ಅಲ್ಲೆಲ್ಲ ಸಂದು. ಮಾವನಿಗೆ ಇದು ಸಾಲಲಿಲ್ಲ. "ನಾನ್ ಒಳಗ್ ಕೂರ್ತೀನಿ, ನೀನ್ ಆಚೆಯಿಂದ ನೀರ್ ಹೊಡಿ" ಅಂದರು. ಬೇಡ ಎಂದರೆ ಕೇಳುವವರಲ್ಲ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಒಳಗೆ ಕುಳಿತರು, ನಾನು ಬಾಗಿಲು ಹಾಕಿ ಪೈಪು ಹಿಡಿದೆ. ನೀರು ಬಂದ ಕಡೆಯಲ್ಲೆಲ್ಲ ಒಳಗಿನಿಂದ ತಗಡಿಗೆ ಕುಟ್ಟುವುದು ಎಂದು ಒಪ್ಪಂದ. ಮೇಲೆ ಒಂದು ಕುಟ್ಟು, ಬಲಕ್ಕೆ ಎರಡು, ಕೆಳಗಂತೂ ಡೋಲು ಬಾರಿಸಿದ ಹಾಗೆ. ಬಾಗಿಲು ತೆಗೆದಾಗ ತಲೆಯಿಂದ ಕಾಲವರೆಗೆ ತೊಯ್ದಿದ್ದರು. "ಎಲ್ಲಾ ಸಿಕ್ತು" ಅಂದರು. ಲಕ್ವ ಹೊಡೆದ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ನಮ್ಮ ಗಾಡಿಯ ಬೀಡಿಂಗು ಈಗ ಯಾರೂ ಮಾಡುವುದಿಲ್ಲ. ಮುಳಬಾಗಿಲಿನಲ್ಲಿ ವಿಚಾರಿಸಿದೆ, ಇಲ್ಲ. ಕೋಲಾರದಲ್ಲಿ ಲಾರಿ ಸಾಮಾನಿನ ಅಂಗಡಿಯವನು ಬೇರೆ ಗಾಡಿಯದ್ದನ್ನು ಅಳೆದು ಕೊಟ್ಟ. ಗ್ಯಾರೇಜಿನಲ್ಲಿ ಹಳೆಯದನ್ನು ಕೆರೆದು, ತುಕ್ಕು ಉಜ್ಜಿ, ಸೊಲ್ಯೂಷನ್ ಬಳಿದು ಅಂಟಿಸಿದರು. ಆ ಸೊಲ್ಯೂಷನ್ನಿನ ವಾಸನೆ ಹುಳಕ್ಕೆ ವಿಷ. ಎಂಟು ದಿನ ಬಾಗಿಲು ತೆರೆದಿಟ್ಟು ಗಾಳಿಯಾಡಿಸಬೇಕಾಯಿತು, ಅಷ್ಟರಲ್ಲಿ ಹೊರಡಬೇಕಿದ್ದ ಬ್ಯಾಚು ಬಾಡಿಗೆ ಟೆಂಪೋದಲ್ಲಿ ಹೋಯಿತು. ಅವತ್ತು ಮಾವ ಅಂಗಳಕ್ಕೆ ಬರಲಿಲ್ಲ. ಮಧ್ಯಾಹ್ನ ತಟ್ಟೆ ತೆಗೆದುಕೊಂಡು ಹೋದರೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಒಂದೇ ಒಂದು ಬ್ಯಾಚಿಗೆ ಹೀಗಾದರೆ ಮುಂದೆ ಹೇಗೆ?

ಹೊಸ ಬೀಡಿಂಗು ಬಿಗಿಯಾಗಿ ಕೂತಿತು. ಯಲ್ದೂರಿನವಳ ಮನೆಗೆ ತಟ್ಟೆಗಳು ಒಣಗಿದ್ದಂತೆಯೇ ತಲುಪಿದವು. ಗೆದ್ದೆ ಅಂದುಕೊಂಡೆ. ನಾಲ್ಕು ತಿಂಗಳಾಗಿತ್ತೋ ಇಲ್ಲವೋ, ಮತ್ತೆ ಧೂಳು. ರಬ್ಬರನ್ನು ಒತ್ತಿ ನೋಡಿದರೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿರಿಯಿತು. ಕಳಪೆ ಮಾಲು ಕೊಟ್ಟ ಎಂದು ಅಂಗಡಿಯವನ ಮೇಲೆ ಹರಿಹಾಯ್ದೆ. ಅವನು ಹಿಂದಿನ ದಿನವಷ್ಟೇ ಅದೇ ಸುರುಳಿಯಿಂದ ಇನ್ನೊಬ್ಬರಿಗೆ ಕೊಟ್ಟಿದ್ದೆನೆಂದೂ ಅವರ ಗಾಡಿಯಲ್ಲಿ ಎರಡು ವರ್ಷದಿಂದ ನೆಟ್ಟಗಿದೆಯೆಂದೂ ಒಂದೇ ಉಸಿರಿನಲ್ಲಿ ಹೇಳಿದ. ಜಗಳಕ್ಕೆ ಹೋದವಳಿಗೆ ನಗು ಬಂತು. ಎರಡನೆಯದನ್ನು ನಮ್ಮ ಮನೆಯವರೇ ಮಾಲೂರಿನಿಂದ ತಂದರು, ದಪ್ಪನೆಯದು, ಗಟ್ಟಿ ಮಾಲು. ಬಾಗಿಲ ಕೀಲನ್ನೂ ಎತ್ತಿ ಕೂರಿಸಿದ್ದಾಯಿತು. ಅದು ಐದು ತಿಂಗಳು ಬಂತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವಳ ಪಾಡು ನನ್ನದು. ಮನೆಯವರು ಈಗ ಮೆಲ್ಲಗೆ ಹೇಳಲಿಲ್ಲ. "ಇನ್ನೊಂದ್ಸಲ ಹೋದ್ರೆ ಗುಜರಿಯವನ್ನ ಕರೀತೀನಿ. ಜನರ ಬೆಳೆ ಹಾಳಾಗ್ತಿದೆ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಕೋಲಾರದಲ್ಲಿ ಸೀಟು ಹೊಲಿಯುವ ಒಬ್ಬ ವಯಸ್ಸಾದ ಸಾಹೇಬರು ಹಳೇ ಗಾಡಿಗಳ ರಬ್ಬರು ಕೆಲಸವನ್ನೂ ಮಾಡುತ್ತಾರೆ ಎಂದು ಯಾರೋ ಹೇಳಿದರು. ವ್ಯಾನು ಅವರ ಅಂಗಡಿ ಮುಂದೆ ನಿಲ್ಲಿಸಿದೆ. ಅವರು ಗಾಡಿಯನ್ನು ಒಂದು ಸುತ್ತು ಬಂದು, ಪರಿಚಯದವರನ್ನು ಕಂಡಂತೆ ಅದರ ಮೂತಿ ಸವರಿದರು. ಆಮೇಲೆ ಹಿಂದೆ ಬಂದು ಬೀಡಿಂಗಿನ ಒಂದು ಚೂರು ಕಿತ್ತು, ಬೆರಳಲ್ಲಿ ಹೊಸಕಿ, ಮೂಗಿನ ಹತ್ತಿರ ಹಿಡಿದರು.

"ಇದನ್ನ ಏನಲ್ಲಿ ತೊಳೀತೀರಿ ಬೇಟಿ?"

ಹೇಳಿದೆ.

"ಎಷ್ಟು ಸಲ?"

"ಪ್ರತಿ ಬ್ಯಾಚಿಗೂ. ತಿಂಗಳಿಗೆ ಎರಡು ಸಲ, ಮೂರು ಸಲ."

ಅವರು ಚೂರನ್ನು ನನ್ನ ಅಂಗೈ ಮೇಲೆ ಇಟ್ಟರು. "ರಬ್ಬರ್‌ಗೆ ಇಬ್ಬರು ದುಶ್ಮನ್. ಒಂದು ಬಿಸಿಲು, ಇನ್ನೊಂದು ಬ್ಲೀಚಿಂಗ್ ಪೌಡರ್. ಬಿಸಿಲಾದ್ರೆ ಹತ್ತು ವರ್ಷ ತಗೊಳ್ತದೆ. ನಿಮ್ಮದು ಸಂದಿ ಸಂದಿಗೂ ಹೋಗಿದೆ, ನೋಡಿ. ಯಾರೋ ಬಹಳ ಶ್ರದ್ಧೆಯಿಂದ ತೊಳೆದಿದ್ದಾರೆ."

ಒಳ್ಳೆಯ ಗಾದೆಗಳೆಲ್ಲ ಇಂಥ ಹೊತ್ತಿಗೆ ನೆನಪಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನ್ನಲು ಹೋದೆ, ನಾಲಿಗೆಗೆ ಬರಲಿಲ್ಲ. ಬೇಲಿ ಏನನ್ನೂ ಮೇಯ್ದಿರಲಿಲ್ಲ, ಕಾಯುತ್ತಲೇ ಇತ್ತು. ಹುಳದ ಮನೆಯವರಲ್ಲದೆ ಬೇರೆ ಯಾರು ಗಾಡಿಯ ಬಾಗಿಲ ರಬ್ಬರನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿದ ಬಟ್ಟೆಯಿಂದ, ಬೆರಳು ತೂರಿಸಿ, ತಿಂಗಳಿಗೆ ಮೂರು ಸಲ ಉಜ್ಜುತ್ತಾರೆ? ಸಾಹೇಬರು ಹೊಸ ಬೀಡಿಂಗು ಅಂಟಿಸಿದರು. ವಾಸನೆ ಕಡಿಮೆ ಇರುವ ಅಂಟು ಅವರ ಹತ್ತಿರವಿತ್ತು. ಕೊಡುವಾಗ, "ಇದಕ್ಕೆ ಬರೀ ನೀರು, ಮತ್ತೇನೂ ಬೇಡ" ಎಂದು ಎರಡು ಸಲ ಹೇಳಿದರು. ಊರಿನವರೆಗೂ ದಾರಿಯುದ್ದಕ್ಕೂ ಮಾವನಿಗೆ ಹೇಳುವ ಮಾತನ್ನು ಮನಸ್ಸಲ್ಲೇ ಜೋಡಿಸುತ್ತಾ ಬಂದೆ. ಯಾವ ಕಡೆಯಿಂದ ಶುರು ಮಾಡಿದರೂ ಕೊನೆಗೆ ಬರುವುದು ಒಂದೇ. ಯಲ್ದೂರಿನವಳ ಹುಳ ಸತ್ತದ್ದು ನಿಮ್ಮ ಕೈಯಿಂದ, ಮಾವ. ಆಡುವ ಒಂದೇ ಕೈಯಿಂದ.

ಅಂಗಳಕ್ಕೆ ಬಂದೊಡನೆ ಮಾವ ಹೊಸ ರಬ್ಬರಿನ ಸುತ್ತ ಬೆರಳಾಡಿಸಿ ನೋಡಿದರು. "ಇಲ್ಲೇ ಕಣಮ್ಮ ಕಾಯಿಲೆ ಕೂರೋದು, ಈ ಸಂದಿನಾಗೆ. ಜನ ನೆಲ ತೊಳ್ದು ಬಿಟ್ಬಿಡ್ತಾರೆ. ನಾನು ಬಿಡಾಕಿಲ್ಲ" ಅಂದರು.

ನಾನು ಧೈರ್ಯ ಮಾಡಿದೆ. ಪೂರ್ತಿ ಅಲ್ಲ, ಅರ್ಧ. "ಮಾವ, ಇನ್ಮೇಲೆ ರಬ್ಬರಿಗೆ ಬೇಡ. ತಗಡಿಗೆ ಮಾತ್ರ ಸಾಕು."

ಅವರ ಬೆರಳು ನಿಂತಿತು. "ಯಾಕೆ, ನಾನ್ ಸರಿಯಾಗ್ ತೊಳೀತಿಲ್ವಾ?"

"ಹಂಗಲ್ಲ ಮಾವ."

"ಯಲ್ದೂರಿನಮ್ಮನ ಹುಳಕ್ಕೆ ಬಂತಲ್ಲ, ಅದಕ್ಕಾ?"

ಅಲ್ಲ ಎಂದೆ. ಅಲ್ಲ ಅಲ್ಲ ಎಂದು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳಿದೆ. ಮುಂದಿನ ಬ್ಯಾಚಿಗೆ ವ್ಯಾನು ತೊಳೆಯುವ ದಿನ ಬಕೆಟ್ಟು ತುಂಬಿಸಿಟ್ಟು ಕಾದೆ. ಮಾವ ಬರಲಿಲ್ಲ. ಹೋಗಿ ಕರೆದರೆ, "ನೀನೇ ತೊಳಿಯಮ್ಮ. ನನ್ ಕೈಲಿ ಆಗೋದು ಸಾಲ್ತಿಲ್ಲ" ಎಂದು ಗೋಡೆಗೆ ಹೇಳಿದರು. ಅವರ ಮಂಚದ ಪಕ್ಕ ನಿಂತು ನನಗೆ ಸಿಟ್ಟು ಬಂತು. ಅವರ ಮೇಲೆ, ರಬ್ಬರಿನ ಮೇಲೆ, ಸತ್ಯ ಹೇಳಿದ ಆ ಸಾಹೇಬರ ಮೇಲೂ. ಉಗುಳಲೂ ಆಗದು, ನುಂಗಲೂ ಆಗದು. ಹುಳ ಉಳಿಸಿದರೆ ಮಾವ ಹೋಗುತ್ತಾರೆ, ಮಾವನನ್ನು ಉಳಿಸಿದರೆ ಬೀಡಿಂಗು ಹೋಗಿ, ವ್ಯಾನು ಹೋಗಿ, ಆಮೇಲೆ ಮಾವನೂ ಹೋಗುತ್ತಾರೆ. ಒಂದು ರಬ್ಬರು ಪಟ್ಟಿ ಇಷ್ಟೊಂದು ಹಿಡಿದುಕೊಂಡು ನಿಂತಿರುತ್ತದೆ ಎಂದು ಯಾರು ಕಂಡಿದ್ದರು.

ಎರಡು ದಿನ ಬಿಟ್ಟು ಹೋಗಿ ಸುಳ್ಳು ಹೇಳಿದೆ. "ಮಾವ, ನಾನು ತೊಳೆದ ಗಾಡೀಲಿ ತಟ್ಟೆಗೆ ಬೂಷ್ಟು ಬಂದುಬಿಟ್ಟಿದೆ. ನೀವೇ ಬರ್ಬೇಕು." ಅವರು ಕತ್ತು ತಿರುಗಿಸಿ ನನ್ನ ಮುಖ ನೋಡಿದರು. "ಸಂದಿಗೆ ಹೋಗಿರಲ್ಲ ನೀರು" ಎಂದು ಎದ್ದು ಕುಳಿತರು.

ಒಂದು ಸುಳ್ಳಿಗೆ ಇನ್ನೊಂದು ಆಸರೆ ಬೇಕಲ್ಲ. ತೊಳೆಯುವ ದಿನ ಮಾವ ಏಳುವ ಮುಂಚೆ, ಕೋಳಿ ಕೂಗುವ ಹೊತ್ತಿಗೆ ನಾನು ಎದ್ದೆ. ಬ್ಲೀಚಿಂಗ್ ನೀರನ್ನು ಕೈಪಂಪಿನಲ್ಲಿ ತುಂಬಿ ವ್ಯಾನಿನ ನೆಲಕ್ಕೆ, ಗೋಡೆಗೆ ನಾನೇ ಹೊಡೆದೆ. ರಬ್ಬರಿಗೆ ತಾಕದ ಹಾಗೆ ಅದರ ಮೇಲೆ ಪ್ಲಾಸ್ಟಿಕ್ಕು ಹೊದಿಸಿದ್ದೆ. ಒಳಗೆಲ್ಲ ಎಂದಿನ ಘಾಟು ತುಂಬಿತು. ಮೂಗಿನ ಭಯ ಹೋಯಿತು. ಮಾವನ ಬಕೆಟ್ಟಿಗೆ ಬರೀ ಬೋರ್‌ವೆಲ್ ನೀರು ಹಾಕಿ, ನೋಡಲು ಬೆಳ್ಳಗಿರಲಿ ಎಂದು ಅವತ್ತು ಉಳಿದಿದ್ದ ಸೀಮೆಸುಣ್ಣವನ್ನು ಪುಡಿ ಮಾಡಿ ಕದಡಿದೆ. ಕಣ್ಣಿನ ಭಯವೂ ಹೋಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಾವ ಬಂದರು. ಬಟ್ಟೆ ಅದ್ದಿ ಹಿಂಡಿದರು. ಎಡಗೈಯೊಂದರಲ್ಲೇ ಹಿಂಡುವ ಒಂದು ರೀತಿಯಿದೆ ಅವರದು. ಬಟ್ಟೆಯ ಒಂದು ತುದಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ತಿರುಚುತ್ತಾರೆ. ಮೇಲಿನಿಂದ ಶುರು ಮಾಡಿ ಬಲಗಡೆ ಇಳಿದು, ಹೊಸ ಬೀಡಿಂಗಿನ ಸಂದಿಗೆ ಬೆರಳು ತೂರಿಸಿ, ಕೆಳಗಿನ ಮೂಲೆಯಲ್ಲಿ ಮಂಡಿಯೂರಿ, ಒಂದು ಗೇಣೂ ಬಿಡದೆ ತೊಳೆದರು. ಬರೀ ನೀರು. ನಾನು ತಟ್ಟೆ ಜೋಡಿಸುವವಳಂತೆ ಓರೆಗಣ್ಣಲ್ಲಿ ನೋಡುತ್ತಿದ್ದೆ. ಎಲ್ಲಾ ಮುಗಿಸಿ ಕಲ್ಲಿನ ಮೇಲೆ ಕುಳಿತು, ಬಕೆಟ್ಟನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿದರು.

ಆಗ ನನಗೆ ಜ್ಞಾಪಕ ಬಂತು. ಕಣ್ಣನ್ನು ಯೋಚಿಸಿದ್ದೆ, ಮೂಗನ್ನು ಯೋಚಿಸಿದ್ದೆ. ಆ ಕೈಯನ್ನು ಮರೆತೇ ಬಿಟ್ಟಿದ್ದೆ. ಓಡಿ ಹೋಗಿ ಬಕೆಟ್ಟು ಚೆಲ್ಲಲೇ ಅನ್ನಿಸಿತು. ಅಷ್ಟರಲ್ಲಿ ಕೈ ನೀರೊಳಗೆ ಇಳಿಯಿತು. ಮಾವ ಎಂದಿನಂತೆ ತಲೆ ಸ್ವಲ್ಪ ವಾಲಿಸಿ, ದೂರದಲ್ಲಿ ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವ ಹಾಗೆ ಕುಳಿತರು. ಉರಿ ಇಲ್ಲ ಎಂದರೆ ಏನು ಹೇಳಲಿ? ಪೌಡರು ಹಳೆಯದು ಅನ್ನಲೇ, ನೀರು ಹೆಚ್ಚಾಯಿತು ಅನ್ನಲೇ?

"ಏನಮ್ಮ" ಎಂದು ಕರೆದರು.

"ಹೇಳಿ ಮಾವ."

"ಉರೀತದೆ ಕಣಮ್ಮ. ಇವತ್ತು ಮಣಿಕಟ್ಟಿನ ತಂಕ ಬಂದೈತೆ."

ನಾನು ಒಳ್ಳೇದಾಯ್ತು ಮಾವ ಎಂದೆ. ಆಮೇಲೆ ಅಡುಗೆಮನೆಗೆ ಹೋಗಿ ಒಲೆ ಮುಂದೆ ಸುಮ್ಮನೆ ನಿಂತೆ. ಇಷ್ಟು ದಿನ ಆ ಕೈಯಲ್ಲಿ ಇದ್ದದ್ದು ಏನು? ಉರಿಯೇ, ಉರಿಯಲಿ ಎಂಬ ಆಸೆಯೇ? ಅಥವಾ ನಲವತ್ತು ವರ್ಷ ಹುಳ ಸಾಕಿದ ಮನುಷ್ಯ ಬಕೆಟ್ಟಿನ ಮುಂದೆ ಕುಳಿತ ಮರುಕ್ಷಣವೇ ನೀರನ್ನೂ ಸೀಮೆಸುಣ್ಣವನ್ನೂ ನನ್ನನ್ನೂ ಅರ್ಥ ಮಾಡಿಕೊಂಡು, ನನಗೋಸ್ಕರ ಹಾಗೆ ಅಂದರೇ? ಯಾವುದೆಂದು ನನಗೆ ಗೊತ್ತಿಲ್ಲ. ಕೇಳುವ ದಾರಿಯೂ ಇಲ್ಲ. ಕೇಳಿದರೆ ಬಕೆಟ್ಟಿನಲ್ಲಿ ಏನಿತ್ತೆಂದು ನಾನು ಮೊದಲು ಹೇಳಬೇಕು.

ಸಾಹೇಬರ ಬೀಡಿಂಗು ಹಾಕಿ ಒಂದು ವರ್ಷದ ಮೇಲಾಯಿತು. ಒಂದು ಬಿರುಕಿಲ್ಲ. ಯಲ್ದೂರಿನವಳು ಆಮೇಲೆ ಮೂರು ಬೆಳೆ ಚೆನ್ನಾಗಿ ತೆಗೆದು, ನಮಗೆ ಒಂದು ಬುಟ್ಟಿ ಮಾವು ಕಳಿಸಿದಳು. ಗುಜರಿಯ ಮಾತನ್ನು ಮನೆಯವರು ಎತ್ತುವುದಿಲ್ಲ. ಕೋಲಾರದ ಮೇಡಂ ಪ್ರತಿ ಸಲ ಕೇಳುತ್ತಾರೆ, ಉರಿ ಇನ್ನೂ ಇದೆಯಾ ಎಂದು. ಇದೆ ಅನ್ನುತ್ತಾರೆ ಮಾವ. ಅದೇ ಬ್ಲೀಚಿಂಗ್ ನೀರು ತಾನೆ ಎಂದು ಮೇಡಂ ನನ್ನ ಕಡೆ ನೋಡುತ್ತಾರೆ. ಹೌದು ಮೇಡಂ ಅನ್ನುತ್ತೇನೆ ನಾನು. ಅವರು ಬರೆದುಕೊಳ್ಳುತ್ತಾರೆ.

ಆ ಕೈಯಲ್ಲಿ ಈಗ ಸಿಪ್ಪೆ ಏಳುವುದಿಲ್ಲ. ಬಿಳಿಚಿದ ಚರ್ಮವೆಲ್ಲ ಮಾಸಿ ನುಣ್ಣಗಾಗಿದೆ, ಉಗುರು ಕೂಡ ತಿಳಿಯಾಗಿದೆ. ಅದನ್ನು ಅವರೂ ನೋಡಿರಬೇಕು. ಆದರೂ ತೊಳೆದ ದಿನ ಸಂಜೆ, ಕಾಫಿ ಲೋಟ ಕೆಳಗಿಟ್ಟು, ಎಡಗೈಯಿಂದ ಅದನ್ನು ಎತ್ತಿ ನನ್ನ ಮಡಿಲಿಗೆ ಇಡುತ್ತಾರೆ.

"ಎಣ್ಣೆ ಹಚ್ಚಮ್ಮ, ಬಾಳ ಉರೀತದೆ."

ನಾನು ಹಚ್ಚುತ್ತೇನೆ.